ಗೋಡೆ ಒದ್ದೆಯಿದ್ದಾಗಲೇ ನೋಡಬೇಕಿತ್ತು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮೂರಂತಸ್ತಿನ ಕಟ್ಟಡ. ಕೆಳಗೆ ಏಳು ಅಂಗಡಿ, ಮೇಲೆ ಮೂವರು ಅಣ್ಣತಮ್ಮಂದಿರ ಮನೆಗಳು. ಒಮ್ಮೆ ಇದಕ್ಕೆ ನಾನೇ ನಿಂತು ಬಣ್ಣ ಹಚ್ಚಿಸಿದ್ದೆ. ಬಿರುಕಿಗೆಲ್ಲ ಪುಟ್ಟಿ, ಅದರ ಮೇಲೆ ದುಬಾರಿ ಪೇಂಟ್ ಎರಡು ಕೋಟ್. ಥೇಟ್ ಮದುವೆ ಮನೆ. ಎರಡು ಮಳೆಗಾಲ ದಾಟುವಷ್ಟರಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತು. ಮೂರನೇ ವರ್ಷ ಆಗಸ್ಟ್‌ನಲ್ಲಿ ಗೋಡೆಯಿಂದ ಹೊರಚಾಚಿದ ಮೇಲಿನ ಸಜ್ಜಾದಿಂದ ಊಟದ ತಟ್ಟೆಯಷ್ಟು ಕಾಂಕ್ರೀಟ್ ಕಳಚಿ, ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಐದು ನಿಮಿಷ ಮುಂಚೆ ಅದೇ ಸೀಟಿನ ಮೇಲೆ ಒಬ್ಬರು ಕೂತು ಫೋನಿನಲ್ಲಿ ಮಾತಾಡುತ್ತಿದ್ದರಂತೆ.

ದೊಡ್ಡ ಸಾಹುಕಾರರು ಫೋನ್ ಮಾಡಿ, "ಈ ಸಲ ಇನ್ನೂ ಛಲೋ ಬಣ್ಣ ತರಸ್ರಿ" ಎಂದರು. ನನಗೆ ನಾಚಿಕೆಯಾಯಿತು. ಬಣ್ಣದ್ದೇನೂ ತಪ್ಪಿರಲಿಲ್ಲ. ಸಿವಿಲ್ ಡಿಪ್ಲೊಮಾ ಮಾಡಿದವನು ನಾನು. ಆದರೂ ಆ ಗೋಡೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಅವತ್ತೇ ಹೋಗಿ ಉದುರುವಂತಿದ್ದ ಚೂರುಗಳನ್ನು ಕೆಡವಿಸಿದೆ. ಸಜ್ಜಾದ ಕೆಳಗೆ ಬಲೆ ಕಟ್ಟಿಸಿದೆ. ಅಂಗಡಿಗೆ ಹೋಗಿಬರುವ ದಾರಿಯ ಮೇಲೆ ಬಂಬು ನಿಲ್ಲಿಸಿ ಹಲಗೆ ಹಾಸಿದೆವು. ಆಮೇಲೆ ಹೇಳಿದೆ: "ರಿಪೇರಿ ಈ ವರ್ಷ ಬ್ಯಾಡ್ರಿ. ಒಂದು ವರ್ಷ ಗೋಡೆ ನೋಡೂಣು." ಸಾಹುಕಾರರು ನನ್ನನ್ನು ಒಂಥರಾ ನೋಡಿದರು.

ನಮ್ಮ ಕಡೆ ಸೆಪ್ಟೆಂಬರ್ ಮಳೆ ಜೋರು. ಕಟ್ಟಡದ ನಾಲ್ಕೂ ಮಗ್ಗುಲಿನ ಚಿತ್ರವನ್ನು ಹಾಳೆಯ ಮೇಲೆ ಬರೆದುಕೊಂಡು, ಎದುರಿನ ಚಹಾದಂಗಡಿಯಲ್ಲಿ ಕೂತೆ. ಮಳೆ ಬರುವಾಗ ಎಲ್ಲೆಲ್ಲಿ ನೀರು ಇಳಿಯುತ್ತದೆ, ನಿಂತ ಎರಡು ತಾಸಿಗೆ ಎಲ್ಲಿ ಒದ್ದೆ ಉಳಿದಿದೆ, ಮೂರನೇ ದಿನಕ್ಕೂ ಎಲ್ಲಿ ಆರಿಲ್ಲ, ಇಷ್ಟನ್ನೂ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಒಂದು ಕಲೆ ಮಳೆಯಿಲ್ಲದ ವಾರದಲ್ಲೂ ಆರಲಿಲ್ಲ. ಅದು ಮಳೆ ನೀರೇ ಅಲ್ಲ, ನಡುವಿನ ಮನೆಯ ಬಚ್ಚಲ ಪೈಪು. ಮಾಳಿಗೆಯ ನೀರು ಬೀಳುವ ಪೈಪು ಗಿಡ್ಡವಾಗಿ, ನೀರೆಲ್ಲ ಗೋಡೆಗೇ ಒರೆಸಿಕೊಂಡು ಇಳಿಯುತ್ತಿತ್ತು. ಪ್ಯಾರಾಪೆಟ್ ಮೇಲೆ ಹಾಸಿದ ಶಹಾಬಾದ್ ಕಲ್ಲಿನ ಸಂದುಗಳು ಬಾಯಿ ಬಿಟ್ಟಿದ್ದವು. ಅಲ್ಲೇ ಒಂದು ಅರಳಿ ಸಸಿಯೂ ಬೆಳೆದಿತ್ತು. ವರ್ಷವೂ ಕತ್ತರಿಸುತ್ತಾರಂತೆ, ವರ್ಷವೂ ಚಿಗುರುತ್ತದಂತೆ. ಬೇರು ಒಳಗೇ ಇದ್ದರೆ ಇನ್ನೇನಾಗುತ್ತದೆ?

ಸಜ್ಜಾದ ಕಥೆ ಇನ್ನೂ ಸರಳ. ಅಡಿಯಲ್ಲಿ ಅಂಚಿನ ಹತ್ತಿರ ಒಂದು ಗೆರೆ ತೋಡಿದ್ದರೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಆ ಗೆರೆಯೇ ಇರಲಿಲ್ಲ. ನೀರು ಅಡಿಗುಂಟ ಹರಿದು ಒಳಗಿನ ಸರಳಿಗೆ ಜಂಗು ಹಿಡಿಸುತ್ತಿತ್ತು. ಜಂಗು ಹಿಡಿದ ಕಬ್ಬಿಣ ಉಬ್ಬುತ್ತದೆ, ಮೂಲ ಗಾತ್ರದ ಎರಡು ಪಟ್ಟಿಗೂ ಜಾಸ್ತಿ. ಉಬ್ಬಿದ್ದು ಕಾಂಕ್ರೀಟನ್ನು ಒಡೆದುಕೊಂಡೇ ಹೊರಬರಬೇಕು. ಇಂಥದ್ದರ ಮೇಲೆ ನಾನು ಪುಟ್ಟಿ ಬಳಿಸಿದ್ದೆ!

ಇನ್ನು ಬಿರುಕುಗಳು. ಊರಿನ ಈ ಭಾಗದಲ್ಲಿ ಅಡಿಪಾಯದ ಕೆಳಗಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಎರಡಿದ್ದವು. ಹಳೆಯವೋ, ಇನ್ನೂ ಓಡಾಡುತ್ತಿವೆಯೋ ಗೊತ್ತಾಗಬೇಕಿತ್ತು. ಮಳೆ ನಿಂತ ಮೇಲೆ ಎರಡರ ಮೇಲೂ ತೆಳು ಗಾಜಿನ ಪಟ್ಟಿ ಅಡ್ಡ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹೋಗಿ ನೋಡಿದರೆ ಒಂದು ಪಟ್ಟಿ ನಡುವೆ ಸೀಳಿತ್ತು, ಇನ್ನೊಂದು ಹಾಗೇ ಇತ್ತು. ಸುಮ್ಮನಿದ್ದ ಬಿರುಕನ್ನು ಗಚ್ಚಾಗಿ ತುಂಬಿದರಾಯಿತು. ಓಡಾಡುವ ಬಿರುಕಿಗೆ ಸಿಮೆಂಟ್ ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಅದಕ್ಕೆ ರಬ್ಬರಿನಂತೆ ಎಳೆದುಕೊಳ್ಳುವ ಸೀಲಂಟ್ ಹಾಕಬೇಕು, ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಫರಸಿ ಕಲ್ಲು ಹಾಸಿ ಹೊರಕ್ಕೆ ಇಳಿಜಾರು ಕೊಡಬೇಕು.

ಬೇಸಿಗೆಯಲ್ಲೇ ಗೌಂಡಿ ಕಾಕಾ ಜೊತೆ ಗೋಡೆ ಬಡಿಯುವ ಕೆಲಸ. ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್. ಆಮೇಲೆ ಗೋಡೆ ಮುಟ್ಟಲಾಗುವುದಿಲ್ಲ. ಕಾಕಾ ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಏಟು ಹಾಕುತ್ತಾ ಹೋಗುತ್ತಿದ್ದರು. ಟಣ್, ಟಣ್, ಟಣ್, ಡಬ್. "ಇಲ್ಲಿ ಪೊಳ್ಳ ಅದ ನೋಡ್ರಿ" ಎನ್ನುತ್ತಿದ್ದರು. ನಾನು ಸೀಮೆಸುಣ್ಣದಿಂದ ಸುತ್ತು ಹಾಕುತ್ತಿದ್ದೆ. ಪಶ್ಚಿಮದ ಸಜ್ಜಾದಲ್ಲಿ ಒಂದು ಕಡೆ ಒಡೆದು ನೋಡಿದೆವು. ಕಿರುಬೆರಳಷ್ಟು ದಪ್ಪ ಇರಬೇಕಾದ ಸರಳು ಪೆನ್ಸಿಲಿನಷ್ಟಾಗಿತ್ತು. ಕಾಕಾ ಉಗುರಿನಿಂದ ಕೆರೆದರೆ ಪದರ ಪದರವಾಗಿ ಕಿತ್ತು ಬಂತು. ಅದನ್ನೇ ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿ ಮೂವರು ಅಣ್ಣತಮ್ಮಂದಿರ ಮುಂದೆ ಇಟ್ಟೆ. ಅವತ್ತಿನಿಂದ ಬಣ್ಣದ ಮಾತು ಯಾರೂ ತೆಗೆಯಲಿಲ್ಲ.

ದುಡ್ಡಿನ ಮಾತು ಮಾತ್ರ ಮುಗಿಯಲಿಲ್ಲ. ಹಿಂಬದಿ ಮನೆಯವರು, "ಮುಂದಿನ ಗ್ವಾಡಿಗಿ ನಾ ಯಾಕ ಕೊಡ್ಲಿ?" ಎಂದರು. ಮನೆಗಳ ಚದರಡಿ ಲೆಕ್ಕದಲ್ಲಿ ಖರ್ಚು ಹಂಚಿದ ಮೇಲೆ ಒಪ್ಪಿದರು. ಗುತ್ತಿಗೆಯನ್ನು ಎಲ್ಲಕ್ಕೂ ಸೇರಿ ಇಷ್ಟೆಂದು ಗುಂಡಗುತ್ತಿಗೆಯಾಗಿ ಕೊಡಲಿಲ್ಲ. ಒಡೆಯುವುದಕ್ಕೆ, ಗಿಲಾವಿಗೆ (ಪ್ಲಾಸ್ಟರಿಗೆ), ಸರಳಿಗೆ ಬೇರೆ ಬೇರೆ ದರ. ಎಷ್ಟು ಕೆಲಸವಾಯಿತೋ ಅಷ್ಟನ್ನೇ ಅಳೆದು ಹಣ. ಎಷ್ಟೇ ಬಡಿದು ನೋಡಿದರೂ ಬಂಬು ಕಟ್ಟಿ ಹತ್ತಿರ ಹೋದಾಗಲೇ ನಿಜ ಗೊತ್ತಾಗುವುದು. ಅಂದಾಜಿನಲ್ಲಿ ನಾನು ಕಾಲು ಭಾಗ ಹೆಚ್ಚಿಗೆ ಇಟ್ಟಿದ್ದೆ. ಅದೂ ಸಾಲಲಿಲ್ಲ.

ಕೆಲಸ ಯಾವಾಗ ಮಾಡುವುದು? ಬೇಸಿಗೆಯಲ್ಲಿ ಗಿಲಾವಿನ ನೀರು ಸಿಮೆಂಟ್ ಗಟ್ಟಿಯಾಗುವ ಮೊದಲೇ ಆರಿಹೋಗುತ್ತದೆ. ಮಳೆಗಾಲ ಬೇಡವೇ ಬೇಡ. ಉಳಿದದ್ದು ಚಳಿಗಾಲ. ಆದರೆ ದಸರಾ, ದೀಪಾವಳಿ ವ್ಯಾಪಾರದಲ್ಲಿ ಅಂಗಡಿ ಮುಂದೆ ಬಂಬು ನಿಲ್ಲಿಸಿದರೆ ಅಂಗಡಿಯವರು ಬಿಡುತ್ತಾರಾ? ಅದಕ್ಕೇ ದಸರಾ ಮುಗಿಯುತ್ತಲೇ ಹಿಂಬದಿ ಮತ್ತು ಪಕ್ಕದ ಗೋಡೆ ಹಿಡಿದೆವು, ದೀಪಾವಳಿ ಮುಗಿದ ಮೇಲೆ ಮುಂಭಾಗ. ಫುಟ್‌ಪಾತಿಗೆ ಪಾಲಿಕೆಯ ಅನುಮತಿ ಪಡೆದೆವು. ವಿದ್ಯುತ್ ತಂತಿ ಕೈಗೆಟುಕುವಷ್ಟು ಹತ್ತಿರವಿದ್ದ ಮೂಲೆಗೆ ಜೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಿದೆವು. ಮಾರ್ಚ್‌ನಲ್ಲಿ ಶರಣಬಸವೇಶ್ವರರ ಜಾತ್ರೆ. ಅಷ್ಟರೊಳಗೆ ಬಂಬು ಬಿಚ್ಚಬೇಕು ಎಂದು ಮೊದಲೇ ಬರೆದುಕೊಂಡಿದ್ದೆ.

ಪೈಪು, ಮಾಳಿಗೆ, ಪ್ಯಾರಾಪೆಟ್ ಮೊದಲು. ಆಮೇಲೆ ಮೇಲಿನಿಂದ ಕೆಳಕ್ಕೆ. ಸರಳಿನ ಹಿಂದೆ ಬೆರಳು ತೂರುವಷ್ಟು ಒಡೆದು, ತಂತಿ ಬ್ರಷ್ಷಿನಿಂದ ಜಂಗು ತೆಗೆದು, ಪ್ರೈಮರ್ ಹಚ್ಚಿ, ತೀರ ಸವೆದ ಕಡೆ ಹೊಸ ಸರಳು ಕಟ್ಟಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿದೆವು. ಕಂಬಗಳಿಗೆ ಬರೀ ಸಿಮೆಂಟಿನಿಂದ ಅಂಟಿಸಿದ್ದ ಶಹಾಬಾದ್ ಕಲ್ಲುಗಳಲ್ಲಿ ಮೇಲಿನವನ್ನು ಬಿಚ್ಚಿ, ಸ್ಟೀಲ್ ಕ್ಲಾಂಪ್ ಹಾಕಿ ಕೂರಿಸಿದೆವು. ಗಿಲಾವಿಗೆ ಗೋಣಿಚೀಲ ಹೊದಿಸಿ ಏಳು ದಿನ ನೀರು ಬಿಟ್ಟೆವು. ಬಣ್ಣಕ್ಕೆ ಇನ್ನೂ ಮೂರು ವಾರ ಕಾಯಿಸಿದೆ. ಅದಕ್ಕೂ ಬೈಸಿಕೊಂಡೆ.

ಬಂಬು ಬಿಚ್ಚಿದ ದಿನ ಚಹಾ ಕುಡಿದು ವಾಪಸ್ ಬರುತ್ತಿದ್ದೆ. ಮೂಲೆಯ ಮೊಬೈಲ್ ಅಂಗಡಿಯ ಹುಡುಗ ಏಣಿ ಹತ್ತಿ, ಬೋರ್ಡ್ ಕೂರಿಸಲು ಹೊಸ ಸಜ್ಜಾಕ್ಕೆ ಡ್ರಿಲ್ ಮಷೀನ್ ಹಿಡಿದು ನಿಂತಿದ್ದ. "ಯಾಕ್ರಿ ಸರ, ನಾಕೇ ತೂತು!" ಎಂದ.