ಗೋಡೆಯ ಮೇಲೆ ಸರ್ವೋ ಅಳೆದ ನನ್ನ ಅನುಭವ

ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನದ ಐಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಎಷ್ಟು ತಿರುಗುತ್ತದೆ ಅಂತ ಅಳೆಯಲು ಕನ್ನಡಿ ಚೂರು, ಲೇಸರ್ ಸಾಕು ಅಂದಾಗ ಮೈದಾನದ ಗೆಳೆಯರು ಒಪ್ಪಲಿಲ್ಲ. 'ಕಣ್ಣಳತೆ ಸಾಲದಾ?' ಅಂದರು. ಈಗ ಅವರೇ ರೆಕ್ಕೆ ಹಿಡಿದು ಮನೆಗೆ ಬರುತ್ತಿದ್ದಾರೆ.

ಮೊದಲು ಕೋನಮಾಪಕ ಹಿಡಿದೆ. ಕಣ್ಣು ತುಸು ಸರಿದರೂ ಎರಡು ಡಿಗ್ರಿ ವ್ಯತ್ಯಾಸ. ಆಮೇಲೆ ಐಲೆರಾನ್‌ಗೆ ಫೋನ್ ಕಟ್ಟಿದೆ. ಅದರ ಭಾರಕ್ಕೆ ಬಾಲ್ಸಾ ಹಗುರ ಮರ ಬಾಗಿತು, ಐಲೆರಾನ್ ತಿರುಗಿಸುವ ಪುಟ್ಟ ಮೋಟರ್, ಅಂದರೆ 9 ಗ್ರಾಂ ಸರ್ವೋ, ಗುಂಯ್ ಅನ್ನತೊಡಗಿತು. ಐದಾರು ಸಾವಿರ ಕೊಟ್ಟು ತರಿಸಿದ ಡಿಜಿಟಲ್ ಮೀಟರಿನ ಕ್ಲಿಪ್ ನನ್ನ ತೆಳು ಐಲೆರಾನ್‌ಗೆ ಹಿಡಿಯಲೇ ಇಲ್ಲ. ಆ ದುಡ್ಡಿಗೆ ಒಳ್ಳೆ ಮೆಟಲ್ ಗೇರ್ ಸರ್ವೋಗಳು ಬರುತ್ತಿದ್ದವು.

ಕೊನೆಗೆ ಐಲೆರಾನ್ ಮೇಲೆ ಕನ್ನಡಿ ಅಂಟಿಸಿ, ಅದಕ್ಕೆ ಲೇಸರ್ ಬಿಟ್ಟು, ಗೋಡೆಗೆ ಬೀಳುವ ಚುಕ್ಕಿ ನೋಡಿದೆ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ ಅಲ್ವಾ, ಅದೇ ಬಂಡವಾಳ. ಗೋಡೆ 2 ಮೀಟರ್ ದೂರದಲ್ಲಿದ್ದರೆ ನಡುಭಾಗದಲ್ಲಿ ಡಿಗ್ರಿಗೆ ಸುಮಾರು 70 ಮಿ.ಮೀ. ಚುಕ್ಕಿ ಓಡುತ್ತದೆ. 10 ಡಿಗ್ರಿಗೆ 728, 15ಕ್ಕೆ 1155 ಮಿ.ಮೀ. ಅಂಚಿಗೆ ಹೋದಂತೆ ಅಂತರ ಹಿಗ್ಗುತ್ತದೆ, ಹಾಗಾಗಿ ಗೋಡೆಯ ಮೇಲೆ ಡಿಗ್ರಿ ಗೆರೆಗಳನ್ನು ಸಮ ಅಂತರದಲ್ಲಿ ಎಳೆಯಬೇಡಿ. ರೆಕ್ಕೆಯನ್ನು ತುದಿಯ ಮೇಲೆ ನಿಲ್ಲಿಸಿ. ಚುಕ್ಕಿ ಅಡ್ಡಕ್ಕೆ ಓಡುತ್ತದೆ, ಐಲೆರಾನ್ ಭಾರವೂ ಕಾಡುವುದಿಲ್ಲ.

ಸೀರೆ ಕಸೂತಿಯ ಕನ್ನಡಿ ಹಚ್ಚಿದರೆ ಎರಡೆರಡು ಚುಕ್ಕಿ. ಗಾಜಿನ ಮುಂದೊಂದು, ಹಿಂದೊಂದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೂರೈವತ್ತಕ್ಕೆ ಕೆಟ್ಟ ಸ್ಕ್ಯಾನರ್ ಸಿಕ್ಕಿತು. ಅದರೊಳಗಿನ ಕನ್ನಡಿ ಪಟ್ಟಿಗೆ ಲೇಪ ಮುಂದುಗಡೆಯೇ ಇತ್ತು. ಕಿರುಬೆರಳ ಉಗುರಿನಷ್ಟು ಕತ್ತರಿಸಿದೆ. ಒಂದೇ ಚುಕ್ಕಿ, ಚೂಪಾಗಿ! ರೆಕ್ಕೆಗೆ ಹೊದಿಸಿದ ತೆಳು ಹಾಳೆ (ಕವರಿಂಗ್) ಕೀಳದ ಹಾಗೆ ಅದನ್ನು ಅಂಟಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ಡಬಲ್ ಟೇಪ್ ಅಲ್ಲ, ಅಷ್ಟು ಹೇಳಬಲ್ಲೆ.

ಒಂದೇ ಪ್ಯಾಕೆಟ್ಟಿನ ಎರಡು ಸರ್ವೋ, ಎರಡಕ್ಕೂ 1900 ಮೈಕ್ರೋಸೆಕೆಂಡಿನ ಅದೇ ಸಂಕೇತ, ಲಿಂಕೇಜ್ (ಸರ್ವೋದಿಂದ ಐಲೆರಾನ್ ತನಕದ ಕಡ್ಡಿ ಜೋಡಣೆ) ಕೂಡ ಒಂದೇ ಥರ. ಆದರೂ ಬಲಗಡೆಯದು ಹತ್ತಿರ ಹತ್ತಿರ ಎರಡು ಡಿಗ್ರಿ ಜಾಸ್ತಿ ಹೋಗುತ್ತಿತ್ತು. ರಿಮೋಟಿನ ಸ್ಟಿಕ್ಕನ್ನು ಎಡದಿಂದ ನಡುವಿಗೆ ತಂದರೆ ಚುಕ್ಕಿ ಒಂದು ಕಡೆ, ಬಲದಿಂದ ತಂದರೆ ಇನ್ನೊಂದು ಕಡೆ ನಿಲ್ಲುತ್ತಿತ್ತು. ನಡುವೆ ಅರವತ್ತು ಮಿ.ಮೀ. ಇರಬಹುದು. ಪುಶ್‌ರಾಡ್ ಕಡ್ಡಿ ಬಿಚ್ಚಿ ಕನ್ನಡಿಯನ್ನು ಸರ್ವೋ ಆರ್ಮ್‌ಗೇ ಹಚ್ಚಿದೆ. ಆಗಲೂ ನಲವತ್ತರ ಮೇಲೆಯೇ. ಅಂದರೆ ಬಹುಪಾಲು ಸಡಿಲ ಸರ್ವೋ ಒಳಗೇ ಇದೆ, ಸುಮ್ನೆ ಕಡ್ಡಿ ತುದಿಯ ಕೊಂಡಿ (ಕ್ಲೆವಿಸ್) ಬದಲಿಸಿ ದುಡ್ಡು ಸುರಿಯಬೇಡಿ.

ಕುತೂಹಲಕ್ಕೆ 4.8 ವೋಲ್ಟ್, 6 ವೋಲ್ಟ್ ಎರಡನ್ನೂ ಕೊಟ್ಟು ನೋಡಿದೆ. 6 ವೋಲ್ಟಿಗೆ ಚುಕ್ಕಿ ಬೇಗ ಓಡಿತು, ನಿಂತದ್ದು ಮಾತ್ರ ಅಲ್ಲೇ.

ರಿಮೋಟಿನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟು ದೂರ ತಿರುಗಬೇಕೆಂಬ ಮಿತಿ) ಹೊಂದಿಸಿದ ಮೇಲೆ ರೋಲ್ (ವಿಮಾನ ಪಕ್ಕಕ್ಕೆ ಉರುಳುವುದು) ನೆಟ್ಟಗೆ ಬರುತ್ತಿದೆ. ಬಾಲದಲ್ಲಿದ್ದು ವಿಮಾನದ ಮೂತಿ ಏರಿಸಿಳಿಸುವ, ಎರಡು ಸರ್ವೋ ಇರುವ ಎಲಿವೇಟರ್‌ಗೂ ಇದೇ ಗೋಡೆ. ಪ್ರೊಪೆಲ್ಲರ್ ಬಿಚ್ಚಿಟ್ಟೇ ಶುರುಮಾಡಿ, ಲೇಸರ್ ಹಚ್ಚುವ ಮುಂಚೆ ಮಕ್ಕಳನ್ನು ಕೋಣೆಯಿಂದ ಕಳಿಸಿ.