ಹಾಸ್ಟೆಲ್‌ಗೆ ಪರಿಸರ ಪ್ರತಿನಿಧಿಗಳ ತಂಡ: ಕಟ್ಟುವುದು, ನಡೆಸುವುದು ಹೇಗೆ

ಹಾಸ್ಟೆಲ್‌ನ ನಲ್ಲಿ ಸೋರುತ್ತಿದ್ದರೆ ಮೊದಲು ಕಾಣುವುದು ಅಲ್ಲಿ ಹಲ್ಲುಜ್ಜುವವರಿಗೆ. ಯಾರೂ ಇಲ್ಲದ ಓದುವ ಕೋಣೆಯಲ್ಲಿ ರಾತ್ರಿಯಿಡೀ ದೀಪ ಉರಿಯುವುದು ಗೊತ್ತಾಗುವುದೂ ಅದೇ ಮಹಡಿಯವರಿಗೆ. ವಾರ್ಡನ್ ಕಚೇರಿಯ ಸುತ್ತೋಲೆಗೆ ಈ ಕಣ್ಣಿಲ್ಲ. ಅದಕ್ಕೇ ಮಹಡಿಗೊಬ್ಬ ವಿದ್ಯಾರ್ಥಿಯನ್ನು ಪರಿಸರ ಪ್ರತಿನಿಧಿಯಾಗಿ ನೇಮಿಸುವ ಪದ್ಧತಿ ಬಂತು. 2000ದ ದಶಕದ ಆರಂಭದಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಇಕೋ-ರೆಪ್ಸ್’ ಈ ಬಗೆಯ ಮೊದಮೊದಲ ಕಾರ್ಯಕ್ರಮಗಳಲ್ಲಿ ಒಂದು.

ಇಂಥ ತಂಡಗಳು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೊದಲ ವಾರದಲ್ಲೇ ಪೋಸ್ಟರ್ ಅಂಟಿಸುತ್ತಾರೆ, ಅಳತೆಯನ್ನು ಮರೆಯುತ್ತಾರೆ. ನಾವು ಹೇಳುವ ಕ್ರಮ ಹೀಗಿದೆ: ಮೊದಲು ಅಳೆಯಿರಿ, ಆಮೇಲೆ ಕೆಟ್ಟದ್ದನ್ನು ರಿಪೇರಿ ಮಾಡಿಸಿ, ಜನರ ಅಭ್ಯಾಸದ ಮಾತನ್ನು ಕೊನೆಗೆ ಎತ್ತಿ.

ತಂಡ

ನಲವತ್ತರಿಂದ ಐವತ್ತು ವಾಸಿಗಳಿಗೆ ಒಬ್ಬ ಪ್ರತಿನಿಧಿ ಸಾಕು. ಅದಕ್ಕಿಂತ ಹೆಚ್ಚಾದರೆ ಎಲ್ಲರ ಹೆಸರು, ಮುಖ ನೆನಪಿರುವುದಿಲ್ಲ, ಹೆಸರು ಗೊತ್ತಿಲ್ಲದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪರೀಕ್ಷೆಯ ವಾರಗಳಲ್ಲಿ ಕೆಲಸ ನಿಲ್ಲದಂತೆ ಅಕ್ಕಪಕ್ಕದ ಎರಡು ಮಹಡಿಯವರನ್ನು ಜೋಡಿ ಮಾಡಿ.

ಆಯ್ಕೆಯಲ್ಲಿ ಪರಿಸರದ ಬಗ್ಗೆ ಎಷ್ಟು ಗೊತ್ತು ಎನ್ನುವುದಕ್ಕಿಂತ ಮಹಡಿಯವರೊಂದಿಗೆ ಎಷ್ಟು ಬೆರೆಯುತ್ತಾರೆ ಎನ್ನುವುದನ್ನು ನೋಡಿ. ವಿಷಯ ಕಲಿಸಬಹುದು, ಸ್ನೇಹ ಕಲಿಸಲಾಗದು.

ವಾರಕ್ಕೆ ಮೂರು ಗಂಟೆಯ ಕೆಲಸ ಎಂದು ಬರೆದುಕೊಡಿ: ಒಂದು ಗಂಟೆ ಸಭೆ, ಒಂದು ಗಂಟೆ ಮಹಡಿಯ ಸುತ್ತು, ಒಂದು ಗಂಟೆ ರೀಡಿಂಗ್ ಮತ್ತು ದಾಖಲೆ. ಇದಕ್ಕೆ ಸಣ್ಣ ಸಂಭಾವನೆಯೋ ಶೈಕ್ಷಣಿಕ ಕ್ರೆಡಿಟ್ಟೋ ಇರಲೇಬೇಕು. ಬರಿಯ ಹುಮ್ಮಸ್ಸನ್ನೇ ನಂಬಿದ ತಂಡ ಸೆಮಿಸ್ಟರ್ ಅರ್ಧಕ್ಕೆ ಬರುವಷ್ಟರಲ್ಲಿ ಕರಗಿರುತ್ತದೆ. ವಾಸಿಗಳು ಬಂದಿಳಿಯುವ ಮೊದಲೇ ಆರು ಗಂಟೆಯ ತರಬೇತಿ ಮುಗಿಸಿ. ಅದರಲ್ಲಿ ಅರ್ಧದಷ್ಟು ಹೊತ್ತು ಮೀಟರ್ ಓದುವುದು, ಕಸ ಬೇರ್ಪಡಿಸುವುದು ಮುಂತಾದ ಕೈಕೆಲಸಕ್ಕಿರಲಿ.

ಮೊದಲ ತಿಂಗಳು: ಅಳತೆ

ಎಲೆಕ್ಟ್ರಿಷಿಯನ್ ಜೊತೆ ಹೋಗಿ ಯಾವ ಮೀಟರ್ ಯಾವ ಕಟ್ಟಡದ್ದು ಎಂದು ಖಚಿತ ಮಾಡಿಕೊಳ್ಳಿ. ಎರಡು ಬ್ಲಾಕಿಗೆ ಒಂದೇ ಮೀಟರ್ ಇರುವುದು, ನೀರೆತ್ತುವ ಪಂಪ್ ಒಂದೇ ಬ್ಲಾಕಿನ ಲೆಕ್ಕಕ್ಕೆ ಸೇರಿರುವುದು ಅಪರೂಪವೇನಲ್ಲ. ದೊಡ್ಡ ಕಟ್ಟಡಗಳ ಮೀಟರ್‌ಗೆ ಕರೆಂಟ್ ಟ್ರಾನ್ಸ್‌ಫಾರ್ಮರ್ (ಹೆಚ್ಚಿನ ಕರೆಂಟನ್ನು ಮೀಟರ್ ಅಳೆಯಬಲ್ಲಷ್ಟಕ್ಕೆ ಇಳಿಸುವ ಸಾಧನ) ಜೋಡಿಸಿರುತ್ತಾರೆ. ಆಗ ತೋರುವ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿದರೆ ಮಾತ್ರ ನಿಜವಾದ ಯೂನಿಟ್ ಸಿಗುತ್ತದೆ. ಈ ಗುಣಕವನ್ನು ಮೀಟರ್ ಮೇಲೆ ಅಥವಾ ಬಿಲ್ಲಿನಲ್ಲಿ ಹುಡುಕಿ.

ವಾರದ ಅದೇ ದಿನ, ಅದೇ ಗಂಟೆಗೆ ರೀಡಿಂಗ್ ತೆಗೆಯಿರಿ. ರಜೆ, ಪರೀಕ್ಷೆ, ಉತ್ಸವ ಯಾವುದೂ ಇಲ್ಲದ ಮೂರು ವಾರಗಳ ಸರಾಸರಿಯೇ ನಿಮ್ಮ ಆರಂಭದ ಅಂಕಿ. ಅದನ್ನು ತಲೆವಾರು ಲೆಕ್ಕಕ್ಕೆ ಇಳಿಸಿ. 180 ಜನರಿರುವ ಕಟ್ಟಡ ವಾರಕ್ಕೆ 1,260 ಯೂನಿಟ್ ಬಳಸಿದರೆ ತಲೆಗೆ ದಿನಕ್ಕೆ ಒಂದು ಯೂನಿಟ್. ಹವೆ ಬದಲಾದಾಗ ಫ್ಯಾನ್, ಹೀಟರ್, ಗೀಸರ್ ಬಳಕೆಯೂ ಬದಲಾಗುತ್ತದೆ. ಹಾಗಾಗಿ ಕಾರ್ಯಕ್ರಮ ನಡೆಯದ ಇನ್ನೊಂದು ಬ್ಲಾಕಿನ ರೀಡಿಂಗನ್ನೂ ಜೊತೆಗೇ ಬರೆದಿಡಿ. ಇಲ್ಲದಿದ್ದರೆ ಚಳಿ ಇಳಿದದ್ದನ್ನೇ ನಿಮ್ಮ ಸಾಧನೆ ಎಂದುಕೊಳ್ಳುತ್ತೀರಿ.

ನೀರಿನ ಅಳತೆಗೆ ಬಕೆಟ್ ಮತ್ತು ಫೋನಿನ ಗಡಿಯಾರ ಸಾಕು. ಹತ್ತು ಲೀಟರ್ ಬಕೆಟ್ 40 ಸೆಕೆಂಡಿಗೆ ತುಂಬಿದರೆ ಆ ಶವರ್ ನಿಮಿಷಕ್ಕೆ 15 ಲೀಟರ್ ಸುರಿಸುತ್ತಿದೆ, ಆರು ನಿಮಿಷದ ಸ್ನಾನಕ್ಕೆ 90 ಲೀಟರ್ ಹೋಗುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಹತ್ತು ನಿಮಿಷ ಲೋಟ ಇಟ್ಟು, ಬಂದ ನೀರನ್ನು 144ರಿಂದ ಗುಣಿಸಿ. ಲೋಟದಲ್ಲಿ 100 ಮಿಲಿಲೀಟರ್ ಸಿಕ್ಕಿದ್ದರೆ ದಿನಕ್ಕೆ 14.4 ಲೀಟರ್ ಪೋಲಾಗುತ್ತಿದೆ. ಫ್ಲಶ್ ಟ್ಯಾಂಕಿನ ಸೋರಿಕೆ ಕಿವಿಗೂ ಕೇಳಿಸದು, ಕಣ್ಣಿಗೂ ಕಾಣದು. ಟ್ಯಾಂಕಿನ ನೀರಿಗೆ ನಾಲ್ಕೈದು ಹನಿ ಆಹಾರದ ಬಣ್ಣ ಹಾಕಿ, ಹದಿನೈದು ನಿಮಿಷ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗಿನ ಕಮೋಡಿಗೆ ಇಳಿದಿದ್ದರೆ ಒಳಗಿನ ವಾಷರ್ ಸವೆದಿದೆ ಎಂದರ್ಥ.

ಸಿಕ್ಕ ದೋಷಗಳನ್ನು ಕೋಣೆ, ನಲ್ಲಿ, ದಿನಾಂಕದ ಸಮೇತ ಪಟ್ಟಿ ಮಾಡಿ ಪ್ಲಂಬರ್‌ಗೆ ಕೊಡಿ. ರಿಪೇರಿ ಆಯಿತೇ ಎಂದು ವಾರಕ್ಕೊಮ್ಮೆ ಕೇಳುತ್ತಿರಿ. ಇದು ಮುಗಿಯುವವರೆಗೆ ನೀರು ಉಳಿಸಿ ಎಂಬ ಮಾತೇ ಬೇಡ. ರಾತ್ರಿಯಿಡೀ ಸೋರುವ ಟ್ಯಾಂಕಿನ ಪಕ್ಕದಲ್ಲಿ ‘ಹನಿ ಹನಿಯೂ ಅಮೂಲ್ಯ’ ಎಂದು ಅಂಟಿಸಿದರೆ ಓದಿದವರಿಗೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ, ಮತ್ತೆ ಅದನ್ನು ಗಳಿಸುವುದು ಬಹಳ ಕಷ್ಟ.

ಕಸವನ್ನು ಬಿಡಿಸಿ ನೋಡುವುದು

ಒಂದು ಮಹಡಿಯ 24 ಗಂಟೆಯ ಕಸ ಸಾಕು. ವಾರ್ಡನ್ ಮತ್ತು ಸ್ವಚ್ಛತಾ ಸಿಬ್ಬಂದಿಯ ಒಪ್ಪಿಗೆ ಮೊದಲೇ ಪಡೆಯಿರಿ. ವಾಸಿಗಳಿಗೆ ಇಂತಿಂಥ ವಾರ ಮಾಡುತ್ತೇವೆ ಎಂದಷ್ಟೇ ತಿಳಿಸಿ, ದಿನ ಹೇಳಬೇಡಿ. ದಿನ ಗೊತ್ತಾದರೆ ಅಂದು ಎಲ್ಲರ ಕಸವೂ ಅಚ್ಚುಕಟ್ಟಾಗಿಬಿಡುತ್ತದೆ.

ಬೇಕಾದದ್ದು: ದೊಡ್ಡ ಟಾರ್ಪಾಲಿನ್, ದಪ್ಪ ರಬ್ಬರ್ ಕೈಗವಸು, ಮಾಸ್ಕ್, ಉದ್ದನೆಯ ಇಕ್ಕಳ, ಆರು ಬಕೆಟ್, ತೂಗುವ ತಕ್ಕಡಿ. ಜಾಗ ಗಾಳಿಯಾಡುವಂತಿರಲಿ. ಬಕೆಟ್‌ಗಳನ್ನು ಮೊದಲು ಖಾಲಿ ತೂಗಿ ತೂಕವನ್ನು ಅದರ ಮೈಮೇಲೇ ಬರೆಯಿರಿ, ಕೊನೆಯಲ್ಲಿ ಕಳೆಯಲು ಬೇಕು. ಹಸಿ ಕಸ, ಕಾಗದ ಮತ್ತು ರಟ್ಟು, ಬಾಟಲಿ ಮತ್ತು ಡಬ್ಬಿ, ಪ್ಲಾಸ್ಟಿಕ್ ಹಾಳೆ, ಇ-ತ್ಯಾಜ್ಯ, ಉಳಿದದ್ದು ಎಂದು ಆರು ಪಾಲು ಮಾಡಿ. ಕೈಯನ್ನು ಚೀಲದೊಳಗೆ ಯಾವತ್ತೂ ತೂರಿಸಬೇಡಿ: ಬ್ಲೇಡು, ಒಡೆದ ಗಾಜು, ಇನ್ಸುಲಿನ್ ಸೂಜಿ ಇರಬಹುದು. ಚೀಲವನ್ನು ಟಾರ್ಪಾಲಿನ್ ಮೇಲೆ ಸುರಿದು ಇಕ್ಕಳದಿಂದ ಎಳೆಯಿರಿ. ಸ್ಯಾನಿಟರಿ ಕಸದ ಪೊಟ್ಟಣ ಬಿಚ್ಚದೆ ಬೇರೆ ಇಡಿ. ಹೆಸರಿರುವ ಚೀಟಿ, ಔಷಧಿಯ ಪಟ್ಟಿ ಸಿಕ್ಕಿದರೆ ಓದಬೇಡಿ, ಫೋಟೊ ತೆಗೆಯಬೇಡಿ. ಯಾರ ಕಸ ಯಾವುದು ಎಂಬ ಮಾತು ಒಮ್ಮೆ ಹೊರಗೆ ಬಿದ್ದರೆ ಆ ಮಹಡಿಯ ಬಾಗಿಲುಗಳು ನಿಮಗೆ ಮುಚ್ಚಿದಂತೆಯೇ.

ನಡುವೆ ಬಾಟಲಿಗಳನ್ನು ಅಲುಗಿಸಿ ನೋಡಿ. ಅರ್ಧ ಕುಡಿದು ಮುಚ್ಚಳ ಹಾಕಿದವು ಸಾಕಷ್ಟು ಸಿಗುತ್ತವೆ. ಅಂಥ ಒಂದು ಬಾಟಲಿ ಒಡೆದರೆ ಕೆಳಗಿನ ಕಾಗದವೆಲ್ಲ ಒದ್ದೆಯಾಗಿ ಮರುಬಳಕೆಗೆ ಬಾರದಂತಾಗುತ್ತದೆ. ಇದನ್ನು ಕಣ್ಣಾರೆ ಕಂಡ ಪ್ರತಿನಿಧಿ ‘ಬಾಟಲಿ ಖಾಲಿ ಮಾಡಿ ಹಾಕಿ’ ಎಂದು ಹೇಳುವ ರೀತಿಯೇ ಬೇರೆ.

ತೊಟ್ಟಿಗಳ ವಿಷಯದಲ್ಲಿ ಒಂದೇ ನಿಯಮ: ಎಲ್ಲ ಬಗೆಯವೂ ಅಕ್ಕಪಕ್ಕ ಇರಲಿ. ಒಂಟಿಯಾಗಿ ನಿಂತ ಯಾವ ತೊಟ್ಟಿಗೂ ಎಲ್ಲವೂ ಬೀಳುತ್ತದೆ. ಮುಚ್ಚಳದ ಬಾಯಿಯ ಆಕಾರ ಬೇರೆ ಬೇರೆ ಇರಲಿ, ಬಾಟಲಿಗೆ ದುಂಡು, ಕಾಗದಕ್ಕೆ ಸೀಳು. ಮೇಲೆ ಅಂಟಿಸುವ ಚಿತ್ರ ನೀವು ಟಾರ್ಪಾಲಿನ್ ಮೇಲೆ ಕಂಡ ವಸ್ತುಗಳದ್ದೇ ಆಗಿರಲಿ. ಹಸಿ ಕಸದ ಬಕೆಟ್ಟನ್ನು ಎರಡು ದಿನಕ್ಕೊಮ್ಮೆಯಾದರೂ ಖಾಲಿ ಮಾಡದಿದ್ದರೆ ನೊಣ ಮುತ್ತುತ್ತವೆ. ಗೊಬ್ಬರದ ಗುಂಡಿ ನಾರಿದರೆ ತೇವ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ ಬೆರೆಸಿ ಮಗುಚಿ.

ಹದಿನೈದು ದಿನಕ್ಕೊಂದು ಅಭ್ಯಾಸ

ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಯಾವುದೂ ನಿಲ್ಲದು. ಕೋಣೆ ಬಿಡುವಾಗ ಎಕ್ಸ್‌ಟೆನ್ಷನ್ ಬೋರ್ಡ್ ಆರಿಸುವುದು, ಯಂತ್ರ ತುಂಬಿದಾಗಲೇ ಬಟ್ಟೆ ಒಗೆಯುವುದು, ಅದೂ ತಣ್ಣೀರಿನಲ್ಲಿ: ಹೀಗೆ ಒಂದೊಂದನ್ನೇ ಎತ್ತಿಕೊಳ್ಳಿ.

ಏನು ಬರೆಯುತ್ತೀರಿ ಎನ್ನುವುದು ನಿಜಕ್ಕೂ ವ್ಯತ್ಯಾಸ ಮಾಡುತ್ತದೆ. ಗೋಲ್ಡ್‌ಸ್ಟೀನ್, ಚಾಲ್ಡೀನಿ, ಗ್ರಿಸ್ಕೆವಿಷಿಯಸ್ 2008ರಲ್ಲಿ ಪ್ರಕಟಿಸಿದ ಹೋಟೆಲ್ ಟವೆಲ್ ಅಧ್ಯಯನದಲ್ಲಿ, ‘ಪರಿಸರ ಉಳಿಸಿ’ ಎಂಬ ಚೀಟಿಗಿಂತ ‘ಹೆಚ್ಚಿನ ಅತಿಥಿಗಳು ಟವೆಲ್ ಮತ್ತೆ ಬಳಸುತ್ತಾರೆ’ ಎಂಬ ಚೀಟಿ ಹೆಚ್ಚು ಕೆಲಸ ಮಾಡಿತು. ‘ಇದೇ ಕೋಣೆಯಲ್ಲಿ ತಂಗಿದವರು’ ಎಂದಾಗ ಪರಿಣಾಮ ಇನ್ನೂ ಹೆಚ್ಚಿತ್ತು. ನಿಮ್ಮ ಚೀಟಿಯಲ್ಲೂ ‘ಈ ಮಹಡಿಯ 46 ಜನರಲ್ಲಿ 33 ಜನ’ ಎಂದಿರಲಿ, ಆದರೆ ಅದು ಎಣಿಸಿ ಬರೆದ ಅಂಕಿಯೇ ಆಗಿರಬೇಕು. ಮಾಡುವವರು ಒಂಬತ್ತೇ ಜನ ಇದ್ದರೆ ‘ಒಂಬತ್ತೇ ಜನ’ ಎಂದು ಬರೆಯಬೇಡಿ, ಓದಿದವರು ಉಳಿದ ಗುಂಪಿಗೆ ಸೇರಿಕೊಳ್ಳುತ್ತಾರೆ. ಕಳೆದ ವಾರ ನಾಲ್ಕಿದ್ದದ್ದು ಈಗ ಒಂಬತ್ತಾಗಿದೆ ಎನ್ನಿ.

ಇನ್ನೊಂದು ಎಚ್ಚರಿಕೆ. ಷುಲ್ಟ್ಸ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ, ನೆರೆಹೊರೆಯ ಸರಾಸರಿಯನ್ನು ತಿಳಿಸಿದಾಗ ಅದಕ್ಕಿಂತ ಕಡಿಮೆ ವಿದ್ಯುತ್ ಬಳಸುತ್ತಿದ್ದ ಮನೆಗಳು ಬಳಕೆ ಹೆಚ್ಚಿಸಿದವು. ಪಕ್ಕದಲ್ಲಿ ಒಂದು ನಗುಮುಖ ಬರೆದದ್ದೇ ಆ ಏರಿಕೆ ನಿಂತಿತು. ಮಹಡಿವಾರು ಅಂಕಿ ಅಂಟಿಸುವಾಗ ಚೆನ್ನಾಗಿ ಮಾಡಿದವರಿಗೆ ಮೆಚ್ಚುಗೆಯ ಗುರುತನ್ನು ಮರೆಯಬೇಡಿ.

ಬಾಗಿಲು ಬಡಿದು ಮಾತಾಡಲು ಐದು ನಿಮಿಷ ಸಾಕು. ಪ್ರಶ್ನೆಯಿಂದ ಶುರು ಮಾಡಿ: ‘ನಿಮ್ಮ ಕಡೆಯ ಬಚ್ಚಲಲ್ಲಿ ಏನಾದರೂ ಸೋರುತ್ತಿದೆಯಾ?’ ಒಂದು ದೂರನ್ನು ಪರಿಹರಿಸಿಕೊಟ್ಟ ಮೇಲೆ ನಿಮ್ಮ ಒಂದು ಕೋರಿಕೆ ಇಡಿ. ತಪ್ಪು ಹಿಡಿದು ವಾರ್ಡನ್‌ಗೆ ವರದಿ ಮಾಡುವ ಕೆಲಸ ಪ್ರತಿನಿಧಿಯದಲ್ಲ ಎಂದು ನಿಯಮದಲ್ಲೇ ಬರೆದಿಡಿ.

ಸ್ಪರ್ಧೆ

2005ರಲ್ಲಿ ಅಮೆರಿಕದ ಓಬರ್ಲಿನ್ ಕಾಲೇಜಿನ ಹಾಸ್ಟೆಲ್‌ಗಳ ಎರಡು ವಾರದ ಸ್ಪರ್ಧೆಯಲ್ಲಿ ವಿದ್ಯುತ್ ಬಳಕೆ 32% ಇಳಿಯಿತು. ಬಳಕೆಯ ಅಂಕಿ ಕ್ಷಣಕ್ಷಣಕ್ಕೂ ಕಾಣುತ್ತಿದ್ದ ಕಟ್ಟಡಗಳಲ್ಲಿ ಇಳಿಕೆ 55%, ವಾರಕ್ಕೊಮ್ಮೆ ಮಾತ್ರ ತಿಳಿಯುತ್ತಿದ್ದ ಕಡೆ 31%. ನೀರಿನ ಬಳಕೆ ಇಳಿದದ್ದು 3% ಮಾತ್ರ. ಹೀಗೆ ಅಂಕಿ ತೋರಿಸುವ ಪರದೆ ಹಾಕಲು ಹಣವಿಲ್ಲದಿದ್ದರೆ ದಿನಾ ಒಂದೇ ಹೊತ್ತಿಗೆ ರೀಡಿಂಗ್ ತೆಗೆದು ಮೆಟ್ಟಿಲ ಬಳಿಯ ಹಲಗೆಯ ಮೇಲೆ ಬರೆಯಿರಿ.

ಗೆಲುವನ್ನು ಒಟ್ಟು ಯೂನಿಟ್‌ನಿಂದ ಅಳೆಯದೆ, ಪ್ರತಿ ಕಟ್ಟಡವೂ ತನ್ನ ಹಿಂದಿನ ಬಳಕೆಗಿಂತ ಶೇಕಡಾ ಎಷ್ಟು ಇಳಿಸಿತು ಎಂದು ನೋಡಿ. ಮೆಟ್ಟಿಲು ಮತ್ತು ಕಾರಿಡಾರಿನ ದೀಪ, ಔಷಧಿ ಇರುವ ಫ್ರಿಜ್ ಮುಟ್ಟುವಂತಿಲ್ಲ ಎಂದು ಮೊದಲೇ ಸಾರಿ. ಗೆಲ್ಲುವ ಆಸೆಗೆ ಕತ್ತಲಲ್ಲಿ ಕೂರುವವರು, ಪಕ್ಕದ ಬ್ಲಾಕಿಗೆ ಹೋಗಿ ಸ್ನಾನ ಮಾಡುವವರು ಇದ್ದೇ ಇರುತ್ತಾರೆ. ಇಂಥ ಉಳಿತಾಯ ಸ್ಪರ್ಧೆಯ ಮರುದಿನವೇ ಮಾಯ. ಮುಗಿದ ನಾಲ್ಕು ವಾರದ ನಂತರ ಮತ್ತೆ ರೀಡಿಂಗ್ ತೆಗೆಯಿರಿ, ಬಹುಮಾನದಲ್ಲಿ ಅರ್ಧವನ್ನು ಆ ಅಂಕಿಗೆ ಮೀಸಲಿಡಿ.

ಕೋಣೆ ಖಾಲಿ ಮಾಡುವ ವಾರ

ವರ್ಷದಲ್ಲೇ ಅತಿ ಹೆಚ್ಚು ಕಸ ಬೀಳುವುದು ಆಗ, ಪ್ರತಿನಿಧಿಗಳಿಗೂ ಪರೀಕ್ಷೆ ಇರುವುದು ಆಗಲೇ. ಆದ್ದರಿಂದ ಎರಡು ವಾರ ಮೊದಲೇ ಮಹಡಿಗೊಂದು ಸಂಗ್ರಹದ ಮೂಲೆ ಗುರುತಿಸಿ: ಬಟ್ಟೆ, ಪುಸ್ತಕ, ಬಕೆಟ್ಟು ಮತ್ತು ಪಾತ್ರೆ, ವಿದ್ಯುತ್ ಸಾಮಾನು. ತೆಗೆದುಕೊಂಡು ಹೋಗುವ ಸಂಸ್ಥೆ ಯಾವುದು, ಯಾವ ದಿನ ಬರುತ್ತದೆ, ಏನನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಲಿಖಿತವಾಗಿ ಪಡೆಯದೆ ಸಂಗ್ರಹ ಶುರು ಮಾಡಬೇಡಿ. ರಾಶಿ ಬಿದ್ದ ಸಾಮಾನು ಬೆಂಕಿಗೂ ಆಹುತಿ, ಓಡಾಟಕ್ಕೂ ಅಡ್ಡಿ. ಒದ್ದೆ ಬಟ್ಟೆ ಒಂದೇ ಇದ್ದರೂ ಇಡೀ ಚೀಲಕ್ಕೆ ಬೂಸ್ಟು ಹಿಡಿಯುತ್ತದೆ, ದಿನಾ ಸಂಜೆ ನೋಡಿ.

ಇದೇ ವಾರಕ್ಕೆ ಮೊದಲು ಹೊಸ ಪ್ರತಿನಿಧಿಗಳನ್ನು ಆರಿಸಿರಬೇಕು. ಮೀಟರ್‌ಗಳ ಗುಣಕ, ಆರಂಭದ ಅಂಕಿಗಳು, ಖಾಲಿ ಬಕೆಟ್ ತೂಕ, ಇನ್ನೂ ರಿಪೇರಿಯಾಗದ ನಲ್ಲಿಗಳ ಪಟ್ಟಿ ಇರುವ ಪುಸ್ತಕ ಅವರ ಕೈಸೇರಲಿ. ವರ್ಷದ ಕೊನೆಯ ರೀಡಿಂಗನ್ನು ಹಳಬರು, ಹೊಸಬರು ಇಬ್ಬರೂ ಮೀಟರ್ ಮುಂದೆ ನಿಂತು ತೆಗೆಯಲಿ, ಅಂಕಿಯನ್ನು ಬರೆಯುವುದು ಹೊಸಬರು.