ಐಫೋನ್ 16ರ ಬ್ಯಾಟರಿ: ಮೀಟಿ ಎಬ್ಬಿಸಬೇಡಿ

ಐಫೋನ್ 16ರಲ್ಲಿ ವೈಫೈನ ಹೊಸ ತಲೆಮಾರಾದ ವೈಫೈ 7 ಬಂದಿದ್ದು ಬಹಳಷ್ಟು ಸುದ್ದಿಯಾಯಿತು. ಅದೇ ಫೋನಿನ ಬ್ಯಾಟರಿಯ ಅಂಟು ವಿದ್ಯುತ್ ಹಾಯಿಸಿದರೆ ಬಿಟ್ಟುಕೊಳ್ಳುತ್ತದೆ ಎಂಬುದು ಮಾತ್ರ ರಿಪೇರಿಗೆ ಕೈಹಾಕುವ ಅನೇಕರಿಗೆ ತಿಳಿದಿಲ್ಲ. ಹಳೆಯ ಅಭ್ಯಾಸದಂತೆ ಬ್ಯಾಟರಿಯ ಅಡಿಗೆ ಪಟ್ಟಿ ತೂರಿಸಿ ಮೀಟುವವರನ್ನು ಕಂಡು ಎದೆ ಝಲ್ಲೆಂದಿದೆ. ಲಿಥಿಯಂ ಬ್ಯಾಟರಿ ತೂತಾದರೆ ಹೊತ್ತಿಕೊಳ್ಳಬಹುದು.

ಮೊದಲು ಬ್ಯಾಕಪ್ ತೆಗೆಯಿರಿ. ಚಾರ್ಜ್ ಶೇ 25ಕ್ಕಿಂತ ಕೆಳಗಿಳಿದ ಮೇಲೆ ಫೋನ್ ಆಫ್ ಮಾಡಿ.

ಕೆಳಅಂಚಿನ ಎರಡು ಸ್ಕ್ರೂ ಬಿಚ್ಚಿ, ಹಿಂಬದಿಯ ಗಾಜನ್ನು ಹದವಾಗಿ ಬಿಸಿ ಮಾಡಿ ಎತ್ತಿ. ಗಾಜಿಗೆ ಕೇಬಲ್ ಇರುತ್ತದೆ, ಒಮ್ಮೆಲೇ ಎಳೆಯಬೇಡಿ. ಒಳಗಿನ ಸ್ಕ್ರೂಗಳ ಉದ್ದ ಬೇರೆಬೇರೆ. ಕಾಗದದ ಮೇಲೆ ಫೋನಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದರ ಜಾಗದಲ್ಲೇ ಇಡಿ. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದನೆಯದು ಹೊಕ್ಕರೆ ಬೋರ್ಡ್ ಹಾಳಾಗುತ್ತದೆ.

ಬ್ಯಾಟರಿಯ ಕನೆಕ್ಟರ್ ಬಿಡಿಸಿದ ಮೇಲೆಯೇ ಅಂಟಿನ ಕೆಲಸ. ಸಾಮಾನ್ಯ 9 ವೋಲ್ಟ್ ಬ್ಯಾಟರಿ, ತುದಿಗೆ ಕ್ಲಿಪ್ ಇರುವ ಎರಡು ತಂತಿಗಳು ಸಾಕು. ಒಂದು ಕ್ಲಿಪ್ ಅಂಟಿನ ಲೋಹದ ನಾಲಿಗೆಗೆ, ಇನ್ನೊಂದು ಫೋನಿನ ಲೋಹದ ಭಾಗಕ್ಕೆ. ಯಾವುದು ಎಲ್ಲಿಗೆ ಎಂಬುದನ್ನು ಆಪಲ್‌ನ ರಿಪೇರಿ ಕೈಪಿಡಿಯ ಚಿತ್ರ ನೋಡಿಯೇ ಹಾಕಿ. ಸುಮಾರು ಒಂದೂವರೆ ನಿಮಿಷ ಕಾಯಬೇಕು. ಶಬ್ದವಿಲ್ಲ, ಹೊಗೆಯಿಲ್ಲ, ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ತಾಳ್ಮೆಗೆಟ್ಟು ಮೀಟಲು ಶುರುಮಾಡುವುದು ಇಲ್ಲಿಯೇ. ಕ್ಲಿಪ್ ಕೂದಲೆಳೆಯಷ್ಟು ಜಾರಿದರೂ ಅಂಟು ಬಿಡುವುದಿಲ್ಲ. ಮತ್ತೆ ಕೂರಿಸಿ, ಮತ್ತೆ ಒಂದೂವರೆ ನಿಮಿಷ ಕಾಯಿರಿ. ಅಂಟು ಸೋತಿದ್ದರೆ ಬೆರಳಿನ ಒತ್ತಡಕ್ಕೇ ಬ್ಯಾಟರಿ ಮೇಲೇಳುತ್ತದೆ. ಹೆಚ್ಚು ವೋಲ್ಟೇಜ್ ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ ನಿಜ, ಆದರೆ ಹೊಸಬರು ಆ ಅವಸರಕ್ಕೆ ಹೋಗಲೇಬಾರದು. ಈ ಅಂಟು 16 ಮತ್ತು 16 ಪ್ಲಸ್‌ನಲ್ಲಿದೆ; 16 ಪ್ರೊ ಮಾದರಿಗಳಲ್ಲಿ ಎಳೆದರೆ ಕಳಚುವ ಹಳೆಯ ಅಂಟುಪಟ್ಟಿಗಳೇ ಇವೆ.

ಕಂಪನಿಯ ಬ್ಯಾಟರಿಯನ್ನೇ ಕೊಳ್ಳಿ. ಅಗ್ಗದ್ದಕ್ಕೆ ಮಾಮೂಲಿ ಅಂಟು ಬಳಿದಿದ್ದರೆ ಮುಂದಿನ ಸಲ ಮತ್ತದೇ ಮೀಟುವ ಪಾಡು. ಗಾಜು ಮುಚ್ಚುವಾಗ ಹೊಸ ಸೀಲ್ ಹಾಕಿ. ಫೋನ್ ಆನ್ ಆದ ಮೇಲೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ, ಹೊಸ ಬ್ಯಾಟರಿಯನ್ನು ಫೋನಿಗೆ ಹೊಂದಿಸುವ ರಿಪೇರಿ ಅಸಿಸ್ಟೆಂಟ್ ಓಡಿಸಿ.

ಕೊನೆಗೆ ವೈಫೈ. ರಿಪೇರಿಗೆ ಮುಂಚೆಯೂ ನಿಧಾನವೇ ಆಗಿದ್ದರೆ ರೂಟರ್ ನೋಡಿ. ಅದೂ ವೈಫೈ 7 ಆಗಿರದಿದ್ದರೆ ಹೊಸ ವೇಗ ಸಿಗುವುದಿಲ್ಲ. ಮೊದಲು ಚೆನ್ನಾಗಿದ್ದ ಜಾಗದಲ್ಲೇ ಈಗ ಸಿಗ್ನಲ್ ಕುಸಿದಿದ್ದರೆ ಕಾಗದದ ಮೇಲೊಂದು ಸ್ಕ್ರೂ ಉಳಿದಿದೆಯೇ ನೋಡಿ. ಕೆಲವು ಸ್ಕ್ರೂಗಳು ಆಂಟೆನಾದ ಗ್ರೌಂಡಿಂಗ್ ಕೆಲಸವನ್ನೂ, ಅಂದರೆ ಅದನ್ನು ಫೋನಿನ ಲೋಹದ ಭಾಗಕ್ಕೆ ಜೋಡಿಸುವ ಕೆಲಸವನ್ನೂ ಮಾಡುತ್ತವೆ. ಉಳಿದಿದ್ದರೆ ಗಾಜನ್ನು ಮತ್ತೆ ತೆರೆಯಲೇಬೇಕು.